ಚೀಲದಲ್ಲೊಂದು ಬೀಸುಕಲ್ಲು: ಪ್ರಯಾಣಕ್ಕೆ ಕೈ ಗ್ರೈಂಡರ್ ಆರಿಸುವ ಬಗೆ

ಬೀಸುಕಲ್ಲಿನ ನಡುವಿನ ಗೂಟ ಸಡಿಲವಾದರೆ ಹಿಟ್ಟು ಹೇಗೆ ಬೀಳುತ್ತದೆ ಎಂಬುದು ಬೀಸಿದವರಿಗೆ ಗೊತ್ತು. ಒಂದು ಮಗ್ಗುಲಲ್ಲಿ ನುಣುಪು, ಇನ್ನೊಂದು ಮಗ್ಗುಲಲ್ಲಿ ನುಚ್ಚು. ಮೇಲುಕಲ್ಲು ಎಷ್ಟೇ ಭಾರವಿರಲಿ, ಗೂಟ ಅಲ್ಲಾಡಿದರೆ ತೋಳಿನ ದುಡಿಮೆಯೆಲ್ಲ ದಂಡ. ಪ್ರಯಾಣಕ್ಕೆಂದು ಕೊಳ್ಳುವ ಕೈ ಕಾಫಿ ಗ್ರೈಂಡರ್ ಕೂಡ ಅಂಗೈಯಲ್ಲಿ ಹಿಡಿಸುವ ಬೀಸುಕಲ್ಲೇ. ಜಾಗ ಉಳಿಸಲು ಒಮ್ಮೆಗೆ ಹಿಡಿಯುವ ಬೀಜ ಕಡಿಮೆಯಾಗಲಿ, ಹಿಡಿಕೆ ಗಿಡ್ಡವಾಗಲಿ, ಹೊರಮೈ ಸಾದಾ ಇರಲಿ. ಹಿಡಿಕೆಯ ಜೊತೆ ತಿರುಗುವ ನಡುವಿನ ಸರಳು, ಅಂದರೆ ಅಚ್ಚು, ಮಾತ್ರ ಅಲುಗಬಾರದು. ಕೊಳ್ಳುವಾಗ ಬಹಳ ಮಂದಿ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಎಷ್ಟು ಗ್ರಾಂ ಹಿಡಿಯುತ್ತದೆ, ಎಷ್ಟು ಚೆಂದ ಕಾಣುತ್ತದೆ ಎಂದು ಮೊದಲು ನೋಡಿ, ಅಚ್ಚನ್ನು ನೋಡುವುದೇ ಇಲ್ಲ.

ಗ್ರೈಂಡರ್ ಒಯ್ಯಲೇಬೇಕೆ ಎಂಬುದನ್ನೂ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಎರಡು ದಿನದ ಓಡಾಟಕ್ಕೆ ಬೇಕಿಲ್ಲ. ಹೊರಡುವ ಬೆಳಿಗ್ಗೆ ಪುಡಿ ಮಾಡಿ, 15 ಗ್ರಾಂನಂತೆ ಪುಟ್ಟ ಪೊಟ್ಟಣಗಳಿಗೆ ತುಂಬಿ, ಗಾಳಿ ಒತ್ತಿ ತೆಗೆದು ಮುಚ್ಚಿದರೆ ಸಾಕು. ಅದಕ್ಕಿಂತ ಉದ್ದದ ಪ್ರಯಾಣವಾದರೆ ಮಾತು ಬೇರೆ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಮತ್ತು ಪರಿಮಳದ ಆವಿಗಳು ಸಿಕ್ಕಿಕೊಂಡಿರುತ್ತವೆ. ಬೀಜ ಒಡೆದ ಕೂಡಲೇ ಅವು ಹೊರಬೀಳತೊಡಗುತ್ತವೆ, ಹೊಸದಾಗಿ ತೆರೆದುಕೊಂಡ ಮೇಲ್ಮೈಗೆ ಆಮ್ಲಜನಕ ತಾಗುತ್ತದೆ, ದಿನ ಕಳೆದಂತೆ ಪುಡಿ ಸಪ್ಪೆಯಾಗುತ್ತದೆ. ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ: ಪುಡಿ ಮಾಡಿ ಒಯ್ದದ್ದನ್ನು ತಿದ್ದಲು ಬರುವುದಿಲ್ಲ. ಊರು ಬದಲಾದರೆ ನೀರು ಬದಲಾಗುತ್ತದೆ, ಬೆಟ್ಟ ಹತ್ತಿದರೆ ನೀರು ಕುದಿಯುವ ಬಿಸಿಯೇ ಬದಲಾಗುತ್ತದೆ. ಬೀಜವೂ ಗ್ರೈಂಡರೂ ಜೊತೆಗಿದ್ದರೆ ಪುಡಿಯ ಗಾತ್ರ ಹೊಂದಿಸುವ ಚಕ್ರವನ್ನು ಎರಡು ಕ್ಲಿಕ್, ಅಂದರೆ ಎರಡು ಹೆಜ್ಜೆ, ತಿರುಗಿಸಿ ಸರಿಪಡಿಸಿಕೊಳ್ಳಬಹುದು.

ಆಯ್ಕೆ ಶುರುವಾಗಬೇಕಾದ್ದು ಕಾಫಿ ಇಳಿಸುವ ಸಾಧನದಿಂದ. ಪುಡಿಯನ್ನು ಬಿಸಿನೀರಲ್ಲಿ ನೆನೆಸಿ ಜಾಲರಿ ಒತ್ತಿ ಸೋಸುವ ಫ್ರೆಂಚ್ ಪ್ರೆಸ್‌ಗೆ ಸುಮಾರು 1 ಮಿ.ಮೀ. ಗಾತ್ರದ ತರಿ ಬೇಕು. ಕಾಗದದ ಫಿಲ್ಟರ್ ಇಟ್ಟು ಮೇಲಿಂದ ನೀರು ಸುರಿಯುವ ಪೋರ್‌ಓವರ್‌ಗೆ ಅದಕ್ಕಿಂತ ಸಣ್ಣದು, ಸಕ್ಕರೆಗಿಂತ ಕೊಂಚ ದಪ್ಪ. ಒಲೆಯ ಮೇಲಿಡುವ ಮೋಕಾ ಪಾಟ್‌ಗೆ ಇನ್ನೂ ಸಣ್ಣ, ಹೆಚ್ಚು ಒತ್ತಡದಲ್ಲಿ ಇಳಿಸುವ ಎಸ್ಪ್ರೆಸೋಗೆ ಬೆರಳಲ್ಲಿ ಉಜ್ಜಿದರೆ ಹಿಟ್ಟಿನ ಹತ್ತಿರ ಬರುವಷ್ಟು ನಯ. ಏರೋಪ್ರೆಸ್ ಈ ಸಾಲಿನಲ್ಲಿ ಉದಾರಿ. 2005ರಲ್ಲಿ ಆಲನ್ ಆಡ್ಲರ್ ಮಾರುಕಟ್ಟೆಗೆ ತಂದ ಈ ಪ್ಲಾಸ್ಟಿಕ್ ಕೊಳವೆ, ಪುಡಿ ತುಸು ದಪ್ಪವಾದರೂ ಸಣ್ಣವಾದರೂ ನೆನೆಸುವ ಸಮಯ ಹೆಚ್ಚುಕಡಿಮೆ ಮಾಡಿ ಸರಿದೂಗಿಸಲು ಬಿಡುತ್ತದೆ. ಪ್ರಯಾಣಿಕರು ಇದನ್ನು ಮೆಚ್ಚುವುದಕ್ಕೆ ಹಗುರ ಎನ್ನುವುದರಷ್ಟೇ ಈ ಗುಣವೂ ಕಾರಣ. ಏರೋಪ್ರೆಸ್ ಅಥವಾ ಪೋರ್‌ಓವರ್ ಮಾತ್ರ ಸಾಕೆನ್ನುವವರಿಗೆ ಚಿಕ್ಕ ಗ್ರೈಂಡರ್ ಧಾರಾಳ. ಒಯ್ಯುವ ಸಾಧನ ಕೈಯಿಂದ ಒತ್ತುವ ಎಸ್ಪ್ರೆಸೋ ಯಂತ್ರವಾಗಿದ್ದರೆ ಅಂಥ ಹಗುರ ಗ್ರೈಂಡರ್ ಕೊಂಡು ಪಶ್ಚಾತ್ತಾಪ ಪಡುವುದು ಬೇಡ. ಅಲ್ಲಿ ಒಂದೇ ಕ್ಲಿಕ್ಕಿನ ವ್ಯತ್ಯಾಸಕ್ಕೆ ಹನಿ ನಿಲ್ಲುತ್ತದೆ, ಇಲ್ಲವೇ ಸುರಿದುಹೋಗುತ್ತದೆ.

ಈಗ ಅಚ್ಚಿನ ಮಾತಿಗೆ ಬರೋಣ. ಕೈ ಗ್ರೈಂಡರಿನೊಳಗೆ ಎರಡು ಬರ್‌ಗಳು, ಅಂದರೆ ಬೀಜ ಅರೆಯುವ ಹಲ್ಲಿನ ಭಾಗಗಳು, ಇರುತ್ತವೆ. ಹೊರಗಿನದು ಬಳೆಯಂತೆ, ಒಳಮೈಯಲ್ಲಿ ಹಲ್ಲುಗಳಿದ್ದು, ಗ್ರೈಂಡರಿನ ಮೈಗೆ ಬಿಗಿಯಾಗಿ ಕೂತಿರುತ್ತದೆ. ಒಳಗಿನದು ಶಂಕುವಿನಾಕಾರ. ಅದು ಅಚ್ಚಿಗೆ ಸಿಕ್ಕಿಸಿಕೊಂಡು ಹಿಡಿಕೆಯ ಜೊತೆ ತಿರುಗುತ್ತದೆ. ಬೀಜ ಮೇಲಿನ ಅಗಲ ಸಂದಿನಲ್ಲಿ ಒಡೆದು, ಕೆಳಗೆ ಇಳಿಯುತ್ತ ಸಣ್ಣದಾಗಿ, ತುದಿಯ ಕಿರುಸಂದಿನಿಂದ ಹೊರಬೀಳುತ್ತದೆ. ಪುಡಿಯ ಗಾತ್ರವನ್ನು ನಿರ್ಧರಿಸುವುದು ಆ ತುದಿಯ ಸಂದು. ತಿರುಗುವಾಗ ಅಚ್ಚು ಕೂದಲೆಳೆಯಷ್ಟು ವಾಲಿದರೂ ಒಂದು ಬದಿ ಸಂದು ಕಿರಿದಾಗಿ ಎದುರು ಬದಿ ಹಿರಿದಾಗುತ್ತದೆ. ಕಿರಿದಾದ ಕಡೆ ಧೂಳು, ಹಿರಿದಾದ ಕಡೆ ದಪ್ಪ ಚೂರು. ಧೂಳಿನಿಂದ ಕಹಿ ಬೇಗ ಇಳಿಯುತ್ತದೆ, ದಪ್ಪ ಚೂರಿನಿಂದ ರುಚಿ ಅರ್ಧವೇ ಇಳಿದು ಹುಳಿ ಉಳಿಯುತ್ತದೆ. ಒಂದೇ ಲೋಟದಲ್ಲಿ ಕಹಿಯೂ ಹುಳಿಯೂ ಕಂಡರೆ ನೀರನ್ನೋ ಬೀಜವನ್ನೋ ದೂರುವ ಮೊದಲು ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಬೇಕು.

ಹಳೆಯ ಮಾದರಿಯ ಅಗ್ಗದ ಗ್ರೈಂಡರುಗಳಲ್ಲಿ ಅಚ್ಚಿಗೆ ಮೇಲ್ಗಡೆ ಮಾತ್ರ ಆಸರೆ, ಅದೂ ಪ್ಲಾಸ್ಟಿಕ್ಕಿನ ತೂತು. ಕೆಳತುದಿ ಸ್ಪ್ರಿಂಗಿನ ಒತ್ತಡದಲ್ಲಿ ತೂಗಾಡುತ್ತಿರುತ್ತದೆ. ನುಣ್ಣಗೆ ಇಟ್ಟಾಗ ಎರಡು ಬರ್‌ಗಳೂ ಒಂದಕ್ಕೊಂದು ತೀರ ಹತ್ತಿರವಿದ್ದು ತಾವೇ ನಡುವಿಗೆ ಬರುತ್ತವೆ, ದೋಷ ಅಷ್ಟಾಗಿ ಕಾಣುವುದಿಲ್ಲ. ತರಿಯಾಗಿಟ್ಟ ಕೂಡಲೇ ಒಳಬರ್ ಬೇಕಾದ ಕಡೆ ವಾಲುತ್ತದೆ. ಇಂಥ ಗ್ರೈಂಡರು ಫ್ರೆಂಚ್ ಪ್ರೆಸ್‌ನಲ್ಲಿ ಕೈಕೊಟ್ಟು ನುಣ್ಣನೆಯ ಪುಡಿಯಲ್ಲಿ ಪರವಾಗಿಲ್ಲ ಅನಿಸುವುದು ಇದಕ್ಕೇ. ಒಳ್ಳೆಯ ಗ್ರೈಂಡರಿನಲ್ಲಿ ಅಚ್ಚಿಗೆ ಎರಡು ಬಾಲ್ ಬೇರಿಂಗ್‌ಗಳಿರುತ್ತವೆ, ಒಂದು ಮೇಲೆ, ಇನ್ನೊಂದು ಬರ್‌ಗೆ ಆದಷ್ಟು ಹತ್ತಿರ. ಅವನ್ನು ಹಿಡಿದಿರುವ ಒಳಚೌಕಟ್ಟು ಲೋಹದ್ದಾಗಿದ್ದರೆ ಇನ್ನೂ ಒಳ್ಳೆಯದು. ಗಟ್ಟಿ ಬೀಜ ಸಿಕ್ಕಾಗ ಪ್ಲಾಸ್ಟಿಕ್ ಚೌಕಟ್ಟು ತುಸು ಬಾಗುತ್ತದೆ, ಬಾಗಿದಷ್ಟೂ ಹೊತ್ತು ಸಂದು ಏರುಪೇರು.

ಕೈಗೆ ಸಿಕ್ಕಾಗ ಪರೀಕ್ಷಿಸುವುದು ಕಷ್ಟವಲ್ಲ. ಪುಡಿ ಬೀಳುವ ಡಬ್ಬಿ ಬಿಚ್ಚಿ, ಒಳಬರ್ ಅನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಿಸಿ. ಪಕ್ಕಕ್ಕೆ ಸರಿದಾಟ ಬೆರಳಿಗೆ ತಿಳಿಯಬಾರದು. ಸ್ಪ್ರಿಂಗ್ ಇರುವುದರಿಂದ ಮೇಲೆ-ಕೆಳಗೆ ಒತ್ತಿದರೆ ಕೆಲವು ಮಾದರಿಗಳಲ್ಲಿ ಸ್ವಲ್ಪ ಕದಲುತ್ತದೆ, ಅದು ದೋಷವಲ್ಲ. ಆಮೇಲೆ ಗ್ರೈಂಡರನ್ನು ಬೆಳಕಿಗೆ ಹಿಡಿದು ಕೆಳಗಿನಿಂದ ನೋಡಿ, ಸಂದು ಸುತ್ತಲೂ ಒಂದೇ ಅಗಲವಿದೆಯೇ ಎಂದು. ಕೊನೆಯದು ಕಿವಿಯ ಪರೀಕ್ಷೆ: ಬರ್‌ಗಳು ಈಗಷ್ಟೇ ತಾಗುವ ಮಟ್ಟಕ್ಕೆ ತಂದು ಬೀಜವಿಲ್ಲದೆ ನಿಧಾನವಾಗಿ ಒಂದೆರಡು ಸುತ್ತು ತಿರುಗಿಸಿ. ಉಜ್ಜುವ ಸದ್ದು ಸುತ್ತಿನುದ್ದಕ್ಕೂ ಒಂದೇ ಸಮನೆ ಬಂದರೆ ಬರ್‌ಗಳು ನೆಟ್ಟಗಿವೆ. ಸುತ್ತಿಗೊಮ್ಮೆ ಮಾತ್ರ ಚರ್ ಎಂದು ಸುಮ್ಮನಾದರೆ ಒಂದು ಬದಿ ಮೊದಲೇ ತಾಗುತ್ತಿದೆ ಎಂದರ್ಥ. ಸಣ್ಣ ಪ್ರಮಾಣದ ಓರೆ ಎಲ್ಲದರಲ್ಲೂ ಇರುತ್ತದೆ. ಮೊದಲ ತಾಗು ಮತ್ತು ಪೂರ್ತಿ ಬಿಗಿತದ ನಡುವೆ ಒಂದೆರಡು ಕ್ಲಿಕ್ ಇದ್ದರೆ ಸರಿ, ಅದಕ್ಕಿಂತ ಬಹಳ ಹೆಚ್ಚಿದ್ದರೆ ಬೇರೆಯದನ್ನು ನೋಡಿ. ಬಳಸಿದ ಗ್ರೈಂಡರ್ ಕೊಳ್ಳುವಾಗಲಂತೂ ಈ ಮೂರನ್ನು ಬಿಡಲೇಬಾರದು.

ಬರ್ ಸೆರಾಮಿಕ್ಕಿನದೋ ಉಕ್ಕಿನದೋ ಎಂಬ ಪ್ರಶ್ನೆಗೆ ನನ್ನ ಮತ ಉಕ್ಕಿಗೆ. ಸೆರಾಮಿಕ್ ಗಟ್ಟಿ, ತುಕ್ಕು ಹಿಡಿಯದು, ನೀರಲ್ಲಿ ತೊಳೆಯಬಹುದು. ಆದರೆ ಅದನ್ನು ಪಡಿಯಚ್ಚಿನಲ್ಲಿ ಒತ್ತಿ ಸುಡುವುದರಿಂದ ಅಂಚುಗಳು ಉಕ್ಕಿನಷ್ಟು ಹರಿತವಾಗಿರುವುದಿಲ್ಲ. ಬೀಜವನ್ನು ಕತ್ತರಿಸುವುದಕ್ಕಿಂತ ಜಜ್ಜುವುದೇ ಹೆಚ್ಚು. ಫಲವಾಗಿ ಧೂಳು ಹೆಚ್ಚು, ಸಮಯವೂ ಹೆಚ್ಚು. 38 ಮಿ.ಮೀ. ಉಕ್ಕಿನ ಬರ್ ಇರುವ ಗ್ರೈಂಡರಿನಲ್ಲಿ 15 ಗ್ರಾಂ ಮಧ್ಯಮ ಹುರಿತದ ಬೀಜ ಪೋರ್‌ಓವರ್ ಗಾತ್ರಕ್ಕೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಚಿಕ್ಕ ಸೆರಾಮಿಕ್ ಗ್ರೈಂಡರಿನಲ್ಲಿ ಅದೇ ಕೆಲಸಕ್ಕೆ ಎರಡು ನಿಮಿಷವೋ ಇನ್ನೂ ಹೆಚ್ಚೋ ಬೇಕು. ಕಡಿಮೆ ಹುರಿದ ಗಟ್ಟಿ ಬೀಜವಾದರೆ ಮಣಿಕಟ್ಟು ಸೋಲುತ್ತದೆ. ಸೆರಾಮಿಕ್ ಬಿಸಿಯಾಗುವುದಿಲ್ಲ, ಹಾಗಾಗಿ ಪರಿಮಳ ಉಳಿಯುತ್ತದೆ ಎಂಬ ಮಾತು ಜಾಹೀರಾತಿನಲ್ಲಿ ಕಾಣುತ್ತದೆ. ಕೈಯಲ್ಲಿ ತಿರುಗಿಸುವ ವೇಗಕ್ಕೆ ಉಕ್ಕೂ ಲೆಕ್ಕಕ್ಕೆ ಬರುವಷ್ಟು ಬಿಸಿಯಾಗುವುದಿಲ್ಲ, ಆದ್ದರಿಂದ ಅದನ್ನು ನೋಡಿ ಆರಿಸಬೇಕಿಲ್ಲ. ಸೆರಾಮಿಕ್ಕಿಗೆ ಒಪ್ಪುವ ಸಂದರ್ಭ ಒಂದಿದೆ. ಕಡಲತೀರ, ದೋಣಿ, ದಿನಗಟ್ಟಲೆ ಮಳೆಯ ಚಾರಣದಂಥ ಕಡೆ ಎಲ್ಲವೂ ಒದ್ದೆಯಾಗುತ್ತದೆ, ಒಣಗಿಸಲು ಬಿಡುವಿರುವುದಿಲ್ಲ. ಅಲ್ಲಿ ತುಕ್ಕಿನ ಚಿಂತೆ ಇಲ್ಲದಿರುವುದು ದೊಡ್ಡ ನೆಮ್ಮದಿ.

ಎಷ್ಟು ಗ್ರಾಂ ಹಿಡಿಯುತ್ತದೆ ಎಂಬ ಲೆಕ್ಕದಲ್ಲಿ ಒಂದು ಮರೆವು ಆಗಾಗ ನಡೆಯುತ್ತದೆ. ತಯಾರಕರು ಗ್ರಾಂ ಹೇಳುತ್ತಾರೆ, ಗ್ರೈಂಡರು ಅಳೆಯುವುದು ಜಾಗವನ್ನು. ಹೆಚ್ಚು ಹುರಿದಷ್ಟೂ ಬೀಜ ಉಬ್ಬಿ ಹಗುರಾಗುತ್ತದೆ. ಕಡಿಮೆ ಹುರಿದ ಬೀಜ 20 ಗ್ರಾಂ ಹಿಡಿಯುವ ಗ್ರೈಂಡರಿನಲ್ಲಿ ಕಪ್ಪಗೆ ಹುರಿದದ್ದು 16-17 ಗ್ರಾಂಗೇ ತುಂಬಿಬಿಡಬಹುದು. ಒಂದು ಲೋಟಕ್ಕೆ 15 ಗ್ರಾಂ ಪುಡಿ, 240-250 ಮಿ.ಲೀ. ನೀರು ಎನ್ನುವುದು ಸಾಮಾನ್ಯ ಅಳತೆ, ಹಾಗಾಗಿ 20 ಗ್ರಾಂ ಎಂದು ಬರೆದಿರುವ ಗ್ರೈಂಡರು ಒಬ್ಬರಿಗೆ ಸಾಕು. ಇಬ್ಬರಿಗೆ? ಎರಡು ಸಲ ಬೀಸಿ. ಎರಡನೆಯ ಸುತ್ತಿಗೆ ಮುಂಚೆ ಕೆಳಗಿನ ಡಬ್ಬಿ ಖಾಲಿ ಮಾಡುವುದನ್ನು ಮರೆಯಬಾರದು, ಅಷ್ಟೇ. ಡಬ್ಬಿ ತುಂಬಿ ಪುಡಿ ಬರ್‌ನ ಕೆಳತುದಿಗೆ ತಾಗಿದರೆ ಹೊಸ ಪುಡಿಗೆ ಇಳಿಯಲು ದಾರಿ ಇರುವುದಿಲ್ಲ. ಹಿಡಿಕೆ ತಿರುಗುತ್ತಲೇ ಇರುತ್ತದೆ, ಒಳಗೆ ಪುಡಿ ಮತ್ತೆ ಮತ್ತೆ ಅರೆದು ಧೂಳಾಗುತ್ತದೆ. ನಾಲ್ಕು ಜನಕ್ಕೆ ದಿನಾ ಮಾಡಿಕೊಡುವವರು ಮಾತ್ರ 30-40 ಗ್ರಾಂ ಹಿಡಿಯುವ ದೊಡ್ಡದನ್ನು ಹೊರಲಿ.

ಭಾರದ ಅಂತರ ಕಡಿಮೆಯೇನಲ್ಲ. ಜಪಾನಿನ ಪೋರ್ಲೆಕ್ಸ್ ಮಿನಿಯಂಥ ಸೆರಾಮಿಕ್ ಬರ್‌ನ ಕೊಳವೆ ಸುಮಾರು 250 ಗ್ರಾಂ ತೂಗುತ್ತದೆ. ಒನ್‌ಜೆಡ್‌ಪ್ರೆಸೋ ಕ್ಯೂ2, ಟೈಮ್‌ಮೋರ್ ಸಿ2ದಂಥ 38 ಮಿ.ಮೀ. ಉಕ್ಕಿನ ಬರ್‌ನವು 400 ಗ್ರಾಂನ ಆಸುಪಾಸಿಗೆ ಬರುತ್ತವೆ. ಅದಕ್ಕಿಂತ ದೊಡ್ಡ ಬರ್ ಇರುವವು 600-700 ಗ್ರಾಂ ದಾಟುತ್ತವೆ. ಬರ್ ದೊಡ್ಡದಾದಷ್ಟೂ ಬೇಗ ಮುಗಿಯುತ್ತದೆ, ನಿಜ. ಆದರೆ ಒಂದು ಲೋಟದ ಪುಡಿಗೆ ಉಳಿಯುವುದು ಇಪ್ಪತ್ತೋ ಮೂವತ್ತೋ ಸೆಕೆಂಡು. ಅಷ್ಟಕ್ಕಾಗಿ ಕಾಲು ಕಿಲೋ ಹೆಚ್ಚಿಗೆ ಹೊರುವುದು ಬೆನ್ನುಚೀಲದ ಪ್ರಯಾಣಕ್ಕೆ ಹೊಂದುವುದಿಲ್ಲ.

ಹೊರಸುತ್ತಿನ ವ್ಯಾಸವನ್ನು ಎರಡು ಕಾರಣಕ್ಕೆ ನೋಡಬೇಕು. ಒಂದು, ಕೈಹಿಡಿತ. ಬೀಸುವಾಗ ಎಡಗೈ ಗ್ರೈಂಡರಿನ ಮೈಯನ್ನು ತಿರುಗದಂತೆ ಹಿಡಿಯಬೇಕು, ಮತ್ತು ನಿಜವಾಗಿ ದಣಿಯುವುದು ಆ ಕೈಯೇ. 46ರಿಂದ 52 ಮಿ.ಮೀ. ವ್ಯಾಸ ಹೆಚ್ಚಿನವರ ಅಂಗೈಗೆ ಸರಿಹೋಗುತ್ತದೆ. ಅದಕ್ಕಿಂತ ದಪ್ಪವಾದರೆ ಚಿಕ್ಕ ಕೈಯವರ ಬೆರಳು ಸುತ್ತುವರಿಯದೆ ಮೈ ಜಾರುತ್ತದೆ. ನುಣುಪು ಲೋಹಕ್ಕಿಂತ ಗೀರು ಕೊರೆದ ಮೈ ಅಥವಾ ರಬ್ಬರ್ ಪಟ್ಟಿ ಒಳ್ಳೆಯದು. ಎರಡು, ಏರೋಪ್ರೆಸ್‌ನ ಒಳಕೊಳವೆ ಟೊಳ್ಳು. ಸುಮಾರು 47 ಮಿ.ಮೀ. ವ್ಯಾಸದೊಳಗಿನ ಗ್ರೈಂಡರು ಅದರೊಳಗೇ ಕೂತುಬಿಡುತ್ತದೆ, ಚೀಲದಲ್ಲಿ ಎರಡು ವಸ್ತು ಒಂದೇ ಜಾಗ ತೆಗೆದುಕೊಳ್ಳುತ್ತವೆ. ಪೋರ್ಲೆಕ್ಸ್ ಮಿನಿ, ಕ್ಯೂ2 ಎರಡೂ ಹೆಸರು ಮಾಡಿದ್ದು ಹೀಗೆ. ಮೈಮೇಲಿನ ರಬ್ಬರ್ ಪಟ್ಟಿ ಈ ಅಳತೆಯನ್ನು ಕೆಡಿಸಬಲ್ಲದು, ಆದ್ದರಿಂದ ಪಟ್ಟಿ ಸೇರಿಸಿ ಅಳೆಯಿರಿ. ಏರೋಪ್ರೆಸ್ ಗೋ ಎಂಬ ಚಿಕ್ಕ ಮಾದರಿಯಲ್ಲಿ ಕೊಳವೆ ಗಿಡ್ಡ, ಗ್ರೈಂಡರಿನ ತಲೆ ಹೊರಗೆ ಉಳಿಯುತ್ತದೆ.

ಹಿಡಿಕೆ ಉದ್ದವಿದ್ದಷ್ಟೂ ಬಲ ಕಡಿಮೆ ಸಾಕು, ಸನ್ನೆಗೋಲಿನ ನಿಯಮವೇ ಇದು. ಆದರೆ ಉದ್ದದ ಹಿಡಿಕೆ ಚೀಲದಲ್ಲಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬಿಚ್ಚಿಡಬಹುದಾದ ಹಿಡಿಕೆಯಾದರೆ ಅದನ್ನು ಮೈಗೆ ಕಟ್ಟಿಡಲು ರಬ್ಬರ್ ಕುಣಿಕೆ ಇರಲಿ. ಗ್ರೈಂಡರು ಒಂದು ಕಡೆ ಹಿಡಿಕೆ ಒಂದು ಕಡೆ ಆದರೆ ಊರು ತಲುಪಿದ ಮೇಲೆ ಒಂದು ಸಿಕ್ಕು ಒಂದು ಸಿಗದೆ ಹೋಗುತ್ತದೆ. ಟೈಮ್‌ಮೋರ್ ನ್ಯಾನೋದಂತೆ ಮಡಚುವ ಹಿಡಿಕೆ ಅನುಕೂಲ, ಜೊತೆಗೆ ಮಡಚುವ ಕೀಲು ಎಂಬ ಇನ್ನೊಂದು ಸವೆಯುವ ಭಾಗವೂ ಬಂತು ಎಂಬುದು ನೆನಪಿರಲಿ. ಪುಡಿಡಬ್ಬಿ ತಿರುಪಿನದೇ ಇರಲಿ. ಅಯಸ್ಕಾಂತದ ಡಬ್ಬಿ ಮೇಜಿನ ಮೇಲೆ ಬಲು ಸೊಗಸು, ಚೀಲದಲ್ಲಿ ಒತ್ತಡ ಬಿದ್ದಾಗ ತೆರೆದುಕೊಂಡು ಉಳಿದ ಪುಡಿಯನ್ನೆಲ್ಲ ಬಟ್ಟೆಗೆ ಹರಡುತ್ತದೆ. ಗಾಜಿನ ಡಬ್ಬಿ ಪ್ರಯಾಣಕ್ಕೆ ಬೇಡವೇ ಬೇಡ.

ಕ್ಲಿಕ್ಕುಗಳ ವಿಷಯದಲ್ಲಿ ಸಂಖ್ಯೆಗಳಿಗೆ ಮರುಳಾಗಬಾರದು. ಜರ್ಮನಿಯ ಕಮಾಂಡಾಂಟೆ ಸಿ40ರಲ್ಲಿ ಒಂದು ಕ್ಲಿಕ್ಕಿಗೆ ಅಚ್ಚು 30 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಸರಿಯುತ್ತದೆ. ಅದಕ್ಕೇ ಮಾರುವ ರೆಡ್ ಕ್ಲಿಕ್ಸ್ ಎಂಬ ಬಿಡಿಭಾಗ ಹಾಕಿದರೆ ಹೆಜ್ಜೆ 15 ಮೈಕ್ರಾನ್‌ಗೆ ಇಳಿಯುತ್ತದೆ, ಎಸ್ಪ್ರೆಸೋ ಮಾಡುವವರಿಗೆ ಬೇಕಾಗುವ ಸೂಕ್ಷ್ಮತೆ ಇದು. ಇಲ್ಲಿ ಮೈಕ್ರಾನ್ ಎಂದರೆ ಅಚ್ಚು ಮೇಲೆ-ಕೆಳಗೆ ಸರಿದ ದೂರ. ಬರ್ ಶಂಕುವಿನಾಕಾರ ಇರುವುದರಿಂದ ಹಲ್ಲುಗಳ ನಡುವಿನ ಸಂದು ಬದಲಾಗುವುದು ಅದಕ್ಕಿಂತ ಕಡಿಮೆ, ಮತ್ತು ಎಷ್ಟು ಕಡಿಮೆ ಎಂಬುದು ಶಂಕುವಿನ ಓರೆಯನ್ನು ಅವಲಂಬಿಸಿದೆ. ಹಾಗಾಗಿ ಎರಡು ಬೇರೆ ಗ್ರೈಂಡರುಗಳ ಕ್ಲಿಕ್ ಸಂಖ್ಯೆ ಹೋಲಿಸಿ ಪುಡಿಯ ಗಾತ್ರ ಹೇಳಲಾಗದು. ಪೋರ್‌ಓವರ್, ಏರೋಪ್ರೆಸ್‌ಗಳಿಗೆ 30 ಮೈಕ್ರಾನ್ ಹೆಜ್ಜೆ ಧಾರಾಳ.

ಹೊಸ ಗ್ರೈಂಡರಿನಲ್ಲಿ ಮೊದಲು 50-100 ಗ್ರಾಂ ಹಳೆಯ ಬೀಜ ಬೀಸಿ ಚೆಲ್ಲಿ. ತಯಾರಿಕೆಯಲ್ಲಿ ಉಳಿದ ಎಣ್ಣೆ, ಲೋಹದ ಧೂಳು ಅದರ ಜೊತೆ ಹೋಗುತ್ತದೆ. ಆಮೇಲೆ ಸೊನ್ನೆ ಗುರುತಿಸಿ. ಬೀಜವಿಲ್ಲದೆ, ಹಿಡಿಕೆಯನ್ನು ಹಗುರವಾಗಿ ತಿರುಗಿಸುತ್ತ, ಹೊಂದಿಸುವ ಚಕ್ರವನ್ನು ಒಂದೊಂದೇ ಕ್ಲಿಕ್ ಬಿಗಿ ಮಾಡುತ್ತ ಹೋಗಿ. ಹಿಡಿಕೆ ತನ್ನಷ್ಟಕ್ಕೆ ತಿರುಗದೆ ನಿಂತ ಜಾಗವೇ ಸೊನ್ನೆ. ಅಲ್ಲಿಂದಾಚೆ ಒತ್ತಿ ಬಿಗಿಯಬಾರದು, ಉಕ್ಕಿಗೆ ಉಕ್ಕು ಉಜ್ಜಿ ಹಲ್ಲಿನ ಅಂಚು ಮೊಂಡಾಗುತ್ತದೆ. ಸೊನ್ನೆಯಿಂದ ಸಡಿಲಿಸಿದ ಕ್ಲಿಕ್ ಎಣಿಸಿ, ಪ್ರತಿ ಸಾಧನಕ್ಕೆ ಹೊಂದಿದ ಸಂಖ್ಯೆಯನ್ನು ಮುಚ್ಚಳದ ಒಳಗೆ ಚೀಟಿ ಅಂಟಿಸಿ ಬರೆದಿಡಿ. ಚಕ್ರ ಒಳಗಿರುವ ಗ್ರೈಂಡರುಗಳಲ್ಲಿ ಎಷ್ಟಕ್ಕಿತ್ತು ಎಂಬುದು ಕಣ್ಣಿಗೆ ಕಾಣುವುದಿಲ್ಲ, ಚೀಟಿಯೇ ಆಧಾರ.

ಎತ್ತರದ ಜಾಗಗಳಲ್ಲಿ ಈ ಸಂಖ್ಯೆಯನ್ನು ಬದಲಿಸಬೇಕಾಗುತ್ತದೆ. ಸರಿಸುಮಾರು 300 ಮೀಟರ್ ಏರಿದಂತೆ ನೀರು ಕುದಿಯುವ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 2,400 ಮೀಟರಿನಲ್ಲಿ ಕುದಿಯುತ್ತಿರುವ ನೀರೂ 92 ಡಿಗ್ರಿ ದಾಟುವುದಿಲ್ಲ, ಲೋಟಕ್ಕೆ ಸುರಿಯುವಷ್ಟರಲ್ಲಿ ಇನ್ನೂ ಆರಿರುತ್ತದೆ. ರುಚಿ ತೆಳುವಾಗಿ ಹುಳಿಯ ಕಡೆ ಸರಿದರೆ ಒಂದೆರಡು ಕ್ಲಿಕ್ ನುಣ್ಣಗೆ ಮಾಡಿ, ಒಗರು-ಕಹಿ ಹೆಚ್ಚಿದರೆ ಅಷ್ಟೇ ತರಿ ಮಾಡಿ. ನೀರಿನ ಗಡಸುತನವನ್ನು ಮಾತ್ರ ಕ್ಲಿಕ್ಕುಗಳಿಂದ ಗೆಲ್ಲಲಾಗದು, ಎರಡು ದಿನ ತಿದ್ದಿಯೂ ರುಚಿ ಮಂಕಾಗಿಯೇ ಇದ್ದರೆ ನೀರನ್ನೇ ಬದಲಿಸಿ ನೋಡಿ.

ಬೀಸುವಾಗ ಪುಡಿ ಡಬ್ಬಿಯ ಗೋಡೆಗೆ, ಬೆರಳಿಗೆ, ಮೇಜಿಗೆ ಹಾರಿ ಅಂಟುವುದು ಉಜ್ಜಾಟದಿಂದ ಹುಟ್ಟುವ ಸ್ಥಾಯಿ ವಿದ್ಯುತ್ತಿನ ಕೆಲಸ. ಬೀಜಕ್ಕೆ ಒಂದು ಹನಿ ನೀರು ಸವರಿದರೆ ಇದು ಕಡಿಮೆಯಾಗುತ್ತದೆ ಎಂಬುದು ಕಾಫಿ ಮಾಡುವವರ ಹಳೆಯ ಅನುಭವ. 2023ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಹೆಂಡನ್ ಮತ್ತು ಸಂಗಡಿಗರು ಮ್ಯಾಟರ್ ಪತ್ರಿಕೆಯಲ್ಲಿ ಇದನ್ನು ಅಳೆದು ತೋರಿಸಿದರು. ಒಣಗಿದ, ಹೆಚ್ಚು ಹುರಿದ ಬೀಜದಲ್ಲಿ ವಿದ್ಯುದಂಶ ಹೆಚ್ಚು, ನೀರಿನ ತೇವ ಅದನ್ನು ತಗ್ಗಿಸುತ್ತದೆ. ಕೈ ಗ್ರೈಂಡರಿಗೆ ಒದ್ದೆ ಚಮಚದ ಹಿಂಬದಿಯಿಂದ ಬೀಜ ಕಲಸುವಷ್ಟು ತೇವ ಸಾಕು. ಹೆಚ್ಚಾದರೆ ಪುಡಿ ಬರ್‌ಗೆ ಮೆತ್ತಿಕೊಳ್ಳುತ್ತದೆ, ಉಕ್ಕಿಗೆ ತುಕ್ಕಿನ ದಾರಿಯಾಗುತ್ತದೆ. ಬೀಸಿದ ಮೇಲೆ ಹತ್ತು ನಿಮಿಷ ತೆರೆದಿಟ್ಟು, ಆರಿದ ಮೇಲೆಯೇ ಮುಚ್ಚಿ. ಚಳಿಯಿಂದ ಬೆಚ್ಚಗಿನ ಕೋಣೆಗೆ ತಂದ ಗ್ರೈಂಡರಿನ ಮೇಲೂ ಹೀಗೆಯೇ ತೇವ ಕೂರುತ್ತದೆ, ಅದು ಕೋಣೆಯ ಬಿಸಿಗೆ ಬರುವ ತನಕ ಬೀಜ ಹಾಕಬೇಡಿ. ಗಟ್ಟಿ ಬೀಜಕ್ಕೆ ಇನ್ನೊಂದು ಉಪಾಯ: ಗ್ರೈಂಡರನ್ನು ನೆಟ್ಟಗೆ ಹಿಡಿಯದೆ ಓರೆಯಾಗಿ ಹಿಡಿದು ಬೀಸಿ. ಬೀಜ ಒಂದೊಂದಾಗಿ ಬರ್‌ಗೆ ಇಳಿಯುತ್ತದೆ, ಕೈಗೆ ಹಗುರ, ಧೂಳೂ ಕಡಿಮೆ.

ಕಟ್ಟಿಡುವಾಗ ಗ್ರೈಂಡರು ಖಾಲಿ ಇರಲಿ, ಡಬ್ಬಿಯಲ್ಲಿ ನಿನ್ನೆಯ ಪುಡಿ ಉಳಿಯದಿರಲಿ. ವಿಮಾನದ ತಪಾಸಣೆಯ ಪರದೆಯಲ್ಲಿ ದಪ್ಪ ಲೋಹದ ಕೊಳವೆ ಕಪ್ಪಾಗಿ ಕಾಣುವುದರಿಂದ ಚೀಲ ತೆರೆಸುವುದು ಸಹಜ. ಮೇಲ್ಭಾಗದಲ್ಲಿ, ಬಿಚ್ಚಿ ತೋರಿಸಲು ಸಿಗುವಂತೆ ಇಟ್ಟರೆ ಬೇಗ ಮುಗಿಯುತ್ತದೆ.

ಶುಚಿಗೆ ಒಣ ಬ್ರಷ್ ಒಂದೇ ಸಾಕು. ದಿನಾ ಬರ್ ಮತ್ತು ಡಬ್ಬಿಯ ತಿರುಪನ್ನು ಉಜ್ಜಿ. ತಿರುಪಿನಲ್ಲಿ ಸೇರಿದ ಎಣ್ಣೆಪುಡಿ ಗಟ್ಟಿಯಾದರೆ ಡಬ್ಬಿ ಬಿಚ್ಚಲು ಬರುವುದಿಲ್ಲ, ಎಳೆದಾಡುವಾಗ ಗ್ರೈಂಡರೇ ಕೈತಪ್ಪುತ್ತದೆ. ಅಕ್ಕಿ ಬೀಸಿ ಶುಚಿ ಮಾಡುವ ಅಭ್ಯಾಸ ಬೇಡ. ಹಸಿ ಅಕ್ಕಿ ಹುರಿದ ಕಾಫಿಗಿಂತ ಬಹಳ ಗಟ್ಟಿ, ಅದರ ಒತ್ತಡ ಬೇರಿಂಗಿಗೂ ಅಚ್ಚಿಗೂ ಬೀಳುತ್ತದೆ. ಪೂರ್ತಿ ಬಿಚ್ಚುವುದನ್ನು ಪ್ರಯಾಣದ ನಡುವೆ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಬಿಚ್ಚುವಾಗಲೂ ಚಕ್ರ, ವಾಷರ್, ಸ್ಪ್ರಿಂಗ್ ಇವು ಹೊರಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಒಂದು ಫೋಟೋ ತೆಗೆದುಕೊಳ್ಳಿ. ಒಂದು ವಾಷರ್ ತಿರುಗುಮುರುಗಾದರೂ ಸೊನ್ನೆ ಜಾರುತ್ತದೆ, ಚೀಟಿಯ ಸಂಖ್ಯೆಗಳೆಲ್ಲ ಸುಳ್ಳಾಗುತ್ತವೆ.

ಬೀಸುತ್ತಿರುವಾಗ ಹಿಡಿಕೆ ಫಕ್ಕನೆ ಕಚ್ಚಿ ನಿಂತರೆ ಬೀಜದ ನಡುವೆ ಸಣ್ಣ ಕಲ್ಲು ಸೇರಿರುವ ಸಾಧ್ಯತೆ ಇದೆ. ಬಲ ಹಾಕಿದರೆ ಸೆರಾಮಿಕ್ ಬರ್ ಚಕ್ಕೆ ಏಳುತ್ತದೆ, ಉಕ್ಕಿನದಾದರೆ ಹಲ್ಲು ಮುಕ್ಕಾಗುತ್ತದೆ. ಹಿಡಿಕೆಯನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಚಕ್ರವನ್ನು ಹತ್ತು ಕ್ಲಿಕ್ ಸಡಿಲಿಸಿ, ಉಳಿದ ಬೀಜವನ್ನು ತಟ್ಟೆಗೆ ಬಗ್ಗಿಸಿ, ಗ್ರೈಂಡರನ್ನು ತಲೆಕೆಳಗು ಮಾಡಿ ಅಂಗೈಯಿಂದ ತಟ್ಟಿ. ಕಲ್ಲು ಬಿದ್ದ ಮೇಲೆ ಸೊನ್ನೆಯನ್ನು ಮತ್ತೊಮ್ಮೆ ಪರೀಕ್ಷಿಸಿ. ಉಜ್ಜುವ ಸದ್ದು ಮೊದಲಿನಂತೆ ಒಂದೇ ಸಮನೆ ಬಂದರೆ ಬೀಜ ವಾಪಸು ಹಾಕಿ ಬೀಸುವುದನ್ನು ಮುಂದುವರಿಸಬಹುದು.